ಕುಶಲಪ್ರಶ್ನೆ

ಇಬ್ಬರು ಭೇಟಿಯಾದಾಗ ಮೊದಲು ಕುಶಲವನ್ನು ವಿಚಾರಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಶಿಷ್ಟಾಚಾರ. "ಕ್ಷೇಮವೇ?" ಎಂದರೆ "ಕ್ಷೇಮ" ಎಂದು ಉತ್ತರ. ಆ ಉತ್ತರಕ್ಕೆ ಪ್ರಮಾಣವೇನೆಂದು ಯಾರೂ ಕೇಳುವುದಿಲ್ಲ, ಕೇಳಿದರೆ ಅವಿನಯವೆನಿಸೀತು. ಆದರೂ ಉತ್ತರ ಕೊಡುವವರ ಆಧಾರವೇನೆಂದು ವಿಮರ್ಶಿಸಿದರೆ, ಮೈಯಲ್ಲಿ ನೋವಿಲ್ಲ, ಊಟ ಸೇರುತ್ತದೆ, ನಿದ್ರೆ ಬರುತ್ತದೆ ಎಂಬಿಷ್ಟೇ ತಿಳಿದುಬರುವುದು. ನೋವಿಲ್ಲದಿರುವುದನ್ನೇ ರೋಗವಿಲ್ಲದಿರುವುದೆಂದು ಭಾವಿಸುವ ಈ ಅಭ್ಯಾಸದಿಂದ ಎಷ್ಟೋ ಸಂಸಾರಗಳು ಕಷ್ಟಕ್ಕೀಡಾಗಿವೆ.

ಪ್ರಾಚೀನರು ಈ ಭ್ರಾಂತಿಗೆ ಎಡೆಗೊಟ್ಟಿರಲಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ದೋಷಗಳ ಗತಿಯನ್ನು ಸಂಚಯ, ಪ್ರಕೋಪ, ಪ್ರಸರ, ಸ್ಥಾನಸಂಶ್ರಯ, ವ್ಯಕ್ತಿ, ಭೇದ ಎಂದು ಆರು ಘಟ್ಟಗಳಾಗಿ ವಿಂಗಡಿಸಿ, ಪ್ರತಿಯೊಂದನ್ನೂ ಕ್ರಿಯಾಕಾಲ, ಎಂದರೆ ಚಿಕಿತ್ಸೆಗೆ ತಕ್ಕ ಸಮಯ, ಎಂದು ಎಣಿಸಿದ್ದಾರೆ. ರೋಗವು ಹೆಸರಿಟ್ಟು ಕರೆಯುವಷ್ಟು ಪ್ರಕಟವಾಗುವುದು ಐದನೆಯ ಘಟ್ಟದಲ್ಲಿ. ನಾವು ವೈದ್ಯರ ಬಾಗಿಲನ್ನು ತಟ್ಟುವುದು ಸಾಮಾನ್ಯವಾಗಿ ಆಗಲೇ. ಅಷ್ಟರಲ್ಲಿ ನಾಲ್ಕು ಕಾಲಗಳು ಕಳೆದುಹೋಗಿರುತ್ತವೆ. ಆ ಶಾಸ್ತ್ರದ ದೋಷಕಲ್ಪನೆ ಬೇರೆ, ಇಂದಿನ ವೈದ್ಯದ ಕಲ್ಪನೆ ಬೇರೆ. ಎರಡನ್ನೂ ಬೆರಸುವುದು ನನ್ನ ಉದ್ದೇಶವಲ್ಲ. ವ್ಯಾಧಿಯು ಹೊರಗೆ ಕಾಣಿಸಿಕೊಳ್ಳುವುದಕ್ಕೆ ಮೊದಲೇ ಒಳಗೆ ಬೆಳೆದಿರುತ್ತದೆ ಎಂಬ ಅಂಶದಲ್ಲಿ ಮಾತ್ರ ಉಭಯರಿಗೂ ಸಹಮತವುಂಟು.

ಇದಕ್ಕೆ ರಕ್ತದೊತ್ತಡವು ಸ್ಪಷ್ಟವಾದ ದೃಷ್ಟಾಂತ. ಒತ್ತಡವು ವರ್ಷಗಟ್ಟಲೆ ಮಿತಿಮೀರಿದ್ದರೂ ಮನುಷ್ಯನಿಗೆ ಸಾಮಾನ್ಯವಾಗಿ ಏನೂ ತೋರದು. ಆ ಅವಧಿಯಲ್ಲಿ ಹೃದಯದ ಗೋಡೆ ದಪ್ಪವಾಗುತ್ತದೆ, ಮೂತ್ರಪಿಂಡಗಳು ಕೆಡುತ್ತವೆ, ಮಿದುಳಿನ ಸೂಕ್ಷ್ಮನಾಳಗಳು ಶಿಥಿಲವಾಗುತ್ತವೆ. 1896ರಲ್ಲಿ ಇಟಲಿಯ ರೀವಾ-ರೋಚಿ ಎಂಬವರು ತೋಳಿಗೆ ಪಟ್ಟಿ ಕಟ್ಟಿ ಒತ್ತಡವನ್ನಳೆಯುವ ಉಪಕರಣವನ್ನು ರಚಿಸಿದರು. 1905ರಲ್ಲಿ ರಷ್ಯದ ಕೊರೊಟ್ಕಾಫ್ ಎಂಬ ವೈದ್ಯರು ಪಟ್ಟಿಯ ಕೆಳಗೆ ನಾಳದ ಸದ್ದನ್ನಾಲಿಸಿ ಮೇಲಿನ ಅಂಕ, ಕೆಳಗಿನ ಅಂಕಗಳೆರಡನ್ನೂ ನಿರ್ಣಯಿಸುವ ಕ್ರಮವನ್ನು ತಿಳಿಸಿದರು. ಅಂದಿನಿಂದ ಈ ಮೂಕರೋಗಕ್ಕೆ ಬಾಯಿ ಬಂದಂತಾಯಿತು.

ಆದರೆ ಅದರ ಮಾತನ್ನು ಲಕ್ಷಿಸುವುದಕ್ಕೆ ಇನ್ನೂ ಬಹುಕಾಲ ಹಿಡಿಯಿತು. ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟರ ಒತ್ತಡವು 1937ರಲ್ಲಿ 162/98, 1941ರಲ್ಲಿ 188/105 ಇತ್ತು. 1944ರ ಮಾರ್ಚಿಯಲ್ಲಿ ಬ್ರೂಯೆನ್ ಎಂಬ ಹೃದಯತಜ್ಞರು ಅವರನ್ನು ಪರೀಕ್ಷಿಸಿದಾಗ ಹೃದಯವು ಹಿಗ್ಗಿ ಸೋತಿತ್ತು. 1945ರ ಏಪ್ರಿಲ್ 12ರಂದು ತಲೆನೋವೆಂದು ಹೇಳಿ ಕುಸಿದ ಅವರು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ವೈದ್ಯರು ಮಗ್ಗುಲಲ್ಲೇ ಇದ್ದರೂ ಒತ್ತಡವನ್ನಿಳಿಸುವ ತಕ್ಕ ಔಷಧ ಆಗ ಇರಲಿಲ್ಲ. 1967ರಲ್ಲಿ ಅದೇ ದೇಶದಲ್ಲಿ ಅಧಿಕ ಒತ್ತಡವಿದ್ದ 143 ಮಂದಿ ಮಾಜಿ ಯೋಧರನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗದ ಫಲ ಪ್ರಕಟವಾಯಿತು. ಔಷಧವಿಲ್ಲದ ಹುಸಿಮಾತ್ರೆ ಪಡೆದ ಗುಂಪಿನಲ್ಲಿ 27 ಮಂದಿಗೆ ಭೀಕರ ಉಪದ್ರವಗಳಾದರೆ, ನಿಜವಾದ ಔಷಧ ಪಡೆದ ಗುಂಪಿನಲ್ಲಿ ಹಾಗಾದದ್ದು ಇಬ್ಬರಿಗೆ ಮಾತ್ರ. ರೂಸ್‌ವೆಲ್ಟರಿಗೆ ದೊರೆಯದಿದ್ದ ಭಾಗ್ಯವು ಈಗ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೂ ದೊರೆಯುತ್ತದೆ.

ದೂರದ ದೇಶದ ಮಾತಾಯಿತು. ಮನೆಯ ಮಾತನ್ನೂ ಹೇಳುವೆನು. ನನ್ನ ಅಕ್ಕನಿಗೆ ಎಪ್ಪತ್ತು ದಾಟಿದೆ. ಬೆಳಗಿನ ಜಾವಕ್ಕೆ ಎದ್ದು ನೀರು ಸೇದಿ, ಹೂ ಬಿಡಿಸಿ, ಮಡಿಯಲ್ಲಿ ಅಡಿಗೆ ಮಾಡುವ ಆಕೆ ಕಾಯಿಲೆಯೆಂದು ಒಂದು ದಿನವೂ ಮಲಗಿದವಳಲ್ಲ. ಮೂರು ವರ್ಷಗಳ ಹಿಂದೆ ಆರೋಗ್ಯ ಕೇಂದ್ರದ ದಾದಿ ಮನೆಗೆ ಬಂದು ಒತ್ತಡ ನೋಡುವೆನೆಂದಾಗ, "ಹುತ್ತಕ್ಕೆ ಕೈ ಹಾಕಿದರೆ ಹಾವು ಸಿಕ್ಕದೆ ಇದ್ದೀತೆ? ನನಗೇನೂ ಬೇಡಮ್ಮ" ಎಂದು ಒಳಗೆ ಹೋಗಿಬಿಟ್ಟಳು. ಇದು ಅಜ್ಞಾನದ ಮಾತಲ್ಲ, ಭಯದ ಮಾತು. ಭಾವನವರು ಪಾರ್ಶ್ವವಾಯುವಿನಿಂದ ಹದಿನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದಾಗ ಅವರ ಶುಶ್ರೂಷೆ ಮಾಡಿದವಳು ಆಕೆಯೇ. ನಾನು ವಾದಿಸಲಿಲ್ಲ. "ಅಕ್ಕ, ಭಾವನವರ ತೋಳಿಗೆ ಯಾರಾದರೂ ಹತ್ತು ವರ್ಷ ಮುಂಚೆ ಆ ಪಟ್ಟಿ ಕಟ್ಟಿದ್ದರೆ?" ಎಂದು ಮಾತ್ರ ಕೇಳಿದೆನು. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಮರುದಿನ ತಾನಾಗಿ ಆರೋಗ್ಯ ಕೇಂದ್ರಕ್ಕೆ ಹೊರಟಳು. ಅಂದು ಕಂಡದ್ದು 182/104. ಬೇರೆ ಎರಡು ದಿನಗಳಲ್ಲಿ ಅಳೆದಾಗಲೂ ಹೆಚ್ಚುಕಡಮೆ ಅಷ್ಟೇ. ಮಾತ್ರೆ ಮೊದಲಾಯಿತು, ಉಪ್ಪಿನಕಾಯಿ ಹಪ್ಪಳಗಳು ದೂರವಾದವು, ಒತ್ತಡ ಹತೋಟಿಗೆ ಬಂತು. "ಮಾತ್ರೆ ನುಂಗುವುದಕ್ಕೆ ಮುಂಚೆಯೂ ನನಗೆ ಏನೂ ಆಗಿರಲಿಲ್ಲ, ಈಗಲೂ ಏನೂ ಆಗಿಲ್ಲ. ಇದರಿಂದ ಬಂದದ್ದೇನೋ?" ಎಂದು ಈಗಲೂ ಆಗಾಗ ಆಕ್ಷೇಪಿಸುತ್ತಾಳೆ. ಏನೂ ಆಗದಿರುವುದೇ ಬಂದ ಲಾಭವೆಂದು ಹೇಳಿದರೆ ನಗುತ್ತಾಳೆ; ಆದರೆ ಮಾತ್ರೆಯನ್ನು ತಪ್ಪಿಸುವುದಿಲ್ಲ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಹಾಗಾದರೆ ಆಪಾದಮಸ್ತಕ ಎಲ್ಲ ಪರೀಕ್ಷೆಗಳನ್ನೂ ವರ್ಷವರ್ಷವೂ ಮಾಡಿಸಿಕೊಳ್ಳಬೇಕೇ? ಪೇಟೆಯಲ್ಲಿ ಅಂಥ ಪರೀಕ್ಷೆಗಳನ್ನು ಕಟ್ಟುಕಟ್ಟಾಗಿ ಮಾರುವವರಿಗೆ ಕೊರತೆಯಿಲ್ಲ. ಆದರೆ ಕಾಕ್ರೇನ್ ಎಂಬ ಸಂಸ್ಥೆಯು ಅನೇಕ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿ 2012ರಲ್ಲಿಯೂ 2019ರಲ್ಲಿಯೂ ಪ್ರಕಟಿಸಿದ ವಿಮರ್ಶೆಯಲ್ಲಿ, ಸಾಮಾನ್ಯ ತಪಾಸಣೆಗಳನ್ನು ಎಲ್ಲರಿಗೂ ಮಾಡಿದ ಮಾತ್ರಕ್ಕೆ ಮರಣಗಳು ಕಡಮೆಯಾಗಲಿಲ್ಲವೆಂದು ಕಂಡುಬಂದಿದೆ. ಅನಾವಶ್ಯಕವಾದ ಪರೀಕ್ಷೆಯಿಂದ ಇಲ್ಲದ ರೋಗದ ಶಂಕೆ ಹುಟ್ಟಿ, ಹಣವೂ ನೆಮ್ಮದಿಯೂ ಹೋಗುವುದುಂಟು. ಆದುದರಿಂದ ಸಿದ್ಧಾಂತವಿಷ್ಟು: ರೋಗವು ದೀರ್ಘಕಾಲ ಅಡಗಿರತಕ್ಕದ್ದಾಗಿರಬೇಕು, ಪರೀಕ್ಷೆಯು ಸುಲಭವೂ ನಂಬತಕ್ಕದ್ದೂ ಆಗಿರಬೇಕು, ಮೊದಲೇ ತಿಳಿದದ್ದರಿಂದ ಚಿಕಿತ್ಸೆಗೆ ಪ್ರಯೋಜನವಿರಬೇಕು. ಈ ಮೂರೂ ಕೂಡಿದಲ್ಲಿ ಪರೀಕ್ಷೆಯನ್ನು ಬಿಡಕೂಡದು. ಕೂಡದಿದ್ದಲ್ಲಿ ವೈದ್ಯರನ್ನು ಕೇಳದೆ ಅದಕ್ಕೆ ಹೋಗಬೇಕಾದದ್ದಿಲ್ಲ.

ನಮ್ಮ ದೇಶದಲ್ಲಿ 30 ವರ್ಷ ತುಂಬಿದವರಿಗೆ ರಕ್ತದೊತ್ತಡ, ಮಧುಮೇಹ, ಬಾಯಿಯ ಕ್ಯಾನ್ಸರ್, ಸ್ತ್ರೀಯರಿಗೆ ಸ್ತನದ ಮತ್ತು ಗರ್ಭಕಂಠದ ಕ್ಯಾನ್ಸರ್, ಇವುಗಳ ತಪಾಸಣೆಯನ್ನು ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ಮಾಡುವ ಏರ್ಪಾಡಿದೆ. ವಿದ್ಯಾವಂತರ ಮನೆಗಳಲ್ಲಿಯೂ ಗಂಡಸರ ಪರೀಕ್ಷೆ ಮೊದಲಾಗಿ, ಎಲ್ಲರ ಪಥ್ಯಪಾನಗಳನ್ನು ನೋಡಿಕೊಳ್ಳುವ ಗೃಹಿಣಿಯ ಸರದಿ ಬಾರದೆಯೇ ಹೋಗುವುದನ್ನು ನಾನು ಅನೇಕ ಕಡೆ ಕಂಡಿದ್ದೇನೆ. ಹಾಗಾಗಬಾರದು. ಯುಗಾದಿಯ ದಿನ ಪಂಚಾಂಗಶ್ರವಣ ಮಾಡಿ ವರ್ಷದ ಆಯವ್ಯಯಗಳನ್ನು ಕೇಳುವ ಮನೆಗಳವರು ಆ ವಾರದಲ್ಲಿಯೇ ಎಲ್ಲರ ಒತ್ತಡವನ್ನೂ ಅಳೆಯಿಸಿ, ಅಂಕಗಳನ್ನು ತಾರೀಖಿನೊಡನೆ ಒಂದು ಪುಸ್ತಕದಲ್ಲಿ ಬರೆದಿಡಲಿ. 140/90ನ್ನು ಮುಟ್ಟಿದ ಅಂಕ ಕಂಡರೆ ಗಾಬರಿಯಾಗದೆ ಬೇರೊಂದು ದಿನ ಮತ್ತೆ ಅಳೆಯಿಸಿ ವೈದ್ಯರಿಗೆ ತೋರಿಸಲಿ. ಆ ಪುಸ್ತಕದ ಮೊದಲ ಸಾಲಿನಲ್ಲಿ ಮನೆಯ ಹಿರಿಯ ಹೆಂಗಸಿನ ಹೆಸರಿರುವುದು ಯುಕ್ತ.