ನಮ್ಮ ಜಿಲ್ಲೆಯ ಕಲ್ಲು

ನಮ್ಮ ಕಮಲಾಪುರದ ಮಣ್ಣು ಕೆಂಪು. ಅದರಲ್ಲಿ ಕಬ್ಬಿಣದ ಅಂಶ ಇದೆ. ಕಲಬುರಗಿ ಕಡೆ ಹೋದರೆ ಕರಿ ಎರೆಮಣ್ಣು. ಶಹಾಬಾದ, ಸೇಡಂ ಕಡೆ ನೆಲದೊಳಗೆ ಸುಣ್ಣದಕಲ್ಲು ಪದರ ಪದರವಾಗಿ ಇದೆ. ಅದಕ್ಕೇ ಅದು ಹಲಗೆಯ ಹಾಗೆ ಏಳುತ್ತದೆ. ಅದೇ ಫರ್ಸಿ. ಸುಣ್ಣದಕಲ್ಲಿನಿಂದಲೇ ಸಿಮೆಂಟು ಮಾಡುತ್ತಾರೆ. ಅದರ ಪುಡಿಗೆ ನಿಂಬೆಹುಳಿ ಹಿಂಡಿದರೆ ಬುರುಗು ಬರುತ್ತದೆ. ಗೆಳೆಯರೇ, ಮಾಡಿ ನೋಡಿರಿ.

ನಮ್ಮ ಕಾಕಾ ಫರ್ಸಿ ಖಣಿಯಲ್ಲಿ ದುಡಿಯುತ್ತಾರೆ. ಧೂಳಿನಿಂದ ರಾತ್ರಿಯೆಲ್ಲ ಕೆಮ್ಮುತ್ತಾರೆ. "ಬಾಯಿಗಿ ವಸ್ತ್ರ ಕಟ್ಕೋರಿ ಕಾಕಾ" ಅಂದರೆ "ಸೆಕಿ ಆಗ್ತದ, ಬಿಡು" ಅಂತಾರೆ. ಕಲ್ಲಿಗೆ ನೀರು ಹೊಡೆದು ಕೊಯ್ದರೆ ಧೂಳು ಕಡಿಮೆ ಏಳುತ್ತದೆ ಎಂದು ನಮ್ಮ ವಿಜ್ಞಾನದ ಸರ್ ಹೇಳಿದರು. ಅದನ್ನೂ ಕಾಕಾಗೆ ಹೇಳಿದೆ. "ಅಲ್ಲಿ ಕುಡ್ಯಾಕೇ ನೀರಿಲ್ಲಪಾ" ಅಂದರು.

ಖಣಿಗೆ ಮೊದಲು ನೀರು ಬರಬೇಕು.