ಗಾಳಿ ಹೋದ ಮೇಲೂ ಓಡುವ ಟೈರು

ಪಂಕ್ಚರ್ ಅಂಗಡಿ ಅಂದ ಮೇಲೆ ಅದರ ಮುಂದೆ ಕೂರಲು ಏನಾದರೊಂದು ಇದ್ದೇ ಇರುತ್ತದೆ, ಗಮನಿಸಿದ್ದೀರಾ? ಕಾಲು ಕುಂಟುವ ಬೆಂಚೋ, ಕಲ್ಲು ಚಪ್ಪಡಿಯೋ, ಏನೂ ಇಲ್ಲದಿದ್ದರೆ ಮಲಗಿಸಿಟ್ಟ ಲಾರಿ ಟೈರೋ. ಅಲ್ಲಿ ಕೂತವರು ಅವಸರ ಮಾಡಿ ಫಲವಿಲ್ಲ. ಟ್ಯೂಬನ್ನು ತೊಟ್ಟಿಯ ನೀರಿನಲ್ಲಿ ಅದ್ದಿ, ತಿರುಗಿಸುತ್ತಾ ಗುಳ್ಳೆ ಎಲ್ಲಿ ಏಳುತ್ತದೆಂದು ಹುಡುಕಬೇಕು, ಆ ಜಾಗವನ್ನು ಒರೆಸಿ ಉಜ್ಜಬೇಕು, ಸೊಲ್ಯೂಷನ್ ಹಚ್ಚಿ ಒಣಗಲು ಬಿಡಬೇಕು, ಆಮೇಲೆ ಪ್ಯಾಚು. ಅಷ್ಟರಲ್ಲಿ ಮಳೆ, ಕಾಫಿ ಧಾರಣೆ, ಮಗಳ ಮದುವೆ ಎಲ್ಲ ಮಾತಾಡಿ ಆಗಿರುತ್ತದೆ. ಗುರುತಿಲ್ಲದವರ ಜೊತೆ ಇಷ್ಟು ಸಲೀಸಾಗಿ ಮಾತು ಬೆಳೆಯುವ ಜಾಗ ಇನ್ನೆಲ್ಲಿದೆ ಹೇಳಿ?

ಹಾಸನದ ಹೊರಗೆ ಅಂಥದೇ ಒಂದು ಬೆಂಚಿನ ಮೇಲೆ ನಾನೂ ಭಾವನೂ ಕೂತಿದ್ದೆವು. ಭಾವ ಅಂದರೆ ನನ್ನ ಅಕ್ಕನ ಯಜಮಾನರು. ಅವರದು ಜರ್ಮನ್ ಕಾರು, ಅದಕ್ಕೆ ರನ್‌ಫ್ಲಾಟ್ ಟೈರು. ಮಂಗಳೂರಿನಿಂದ ಹೊರಟು ಗುಂಡ್ಯ ದಾಟುವಾಗ ಮೀಟರಿನ ಹತ್ತಿರ ಹಳದಿ ದೀಪ ಹೊತ್ತಿಕೊಂಡಿತ್ತು. ಶಿರಾಡಿ ಘಾಟಿಯಲ್ಲಿ, ಲಾರಿಗಳ ಸಾಲಿನ ನಡುವೆ, ಸಂಜೆ ಮಳೆಯಲ್ಲಿ ಇಳಿದು ಟೈರು ಬದಲಿಸುವ ಕಷ್ಟವೇ ಬೇಡವೆಂದು ಈ ಟೈರು ಹುಟ್ಟಿರುವುದು. ಭಾವ ನಿಧಾನಕ್ಕೆ ಓಡಿಸಿಕೊಂಡು ಬಂದರು. ಸಕಲೇಶಪುರದಲ್ಲಿ ಕೇಳಿದ ಅಂಗಡಿಯವರು, ಇಷ್ಟು ಗಟ್ಟಿ ಟೈರನ್ನು ಡಿಸ್ಕಿನಿಂದ ಬಿಡಿಸುವ ಮಷಿನು ತಮ್ಮಲ್ಲಿಲ್ಲ ಎಂದು ಕೈಮುಗಿದರು. ಹಾಗೆ ಹಾಸನ ಸೇರಿದೆವು. ಪ್ರಶ್ನೆ ಅಲ್ಲಿ ಎದ್ದಿತು: ಇದಕ್ಕೆ ಪಂಕ್ಚರ್ ಹಾಕಿಸುವುದೋ, ಹೊಸ ಟೈರೇ ತೆಗೆದುಕೊಳ್ಳುವುದೋ?

ಮುಂದೆ ಹೋಗುವ ಮೊದಲು ಈ ಟೈರಿನ ಮರ್ಮ ಹೇಳಿಬಿಡುತ್ತೇನೆ. ಸಾಧಾರಣ ಟೈರಿನಲ್ಲಿ ಕಾರಿನ ಭಾರ ಹೊರುವುದು ಗಾಳಿ. ಗಾಳಿ ಹೋದರೆ ಪಕ್ಕದ ಗೋಡೆ ಮಡಚಿ, ಡಿಸ್ಕಿನ ಅಂಚು ರಸ್ತೆಗೆ ಒತ್ತಿಕೊಳ್ಳುತ್ತದೆ. ರನ್‌ಫ್ಲಾಟಿನ ಪಕ್ಕದ ಗೋಡೆಯೊಳಗೆ ದಪ್ಪ ರಬ್ಬರು ತುಂಬಿ ಗಟ್ಟಿ ಮಾಡಿರುತ್ತಾರೆ. ಗಾಳಿ ಪೂರ್ತಿ ಹೋದರೂ ಗಂಟೆಗೆ 80 ಕಿಲೋಮೀಟರ್ ಮೀರದೆ ಸುಮಾರು 80 ಕಿಲೋಮೀಟರ್ ಓಡಿಸಬಹುದು ಎಂಬುದು ತಯಾರಕರು ಸಾಮಾನ್ಯವಾಗಿ ಕೊಡುವ ಲೆಕ್ಕ. ಗಾಳಿ ಹೋದದ್ದು ಓಡಿಸುವವರಿಗೆ ಗೊತ್ತೇ ಆಗದಿರಬಹುದಾದ್ದರಿಂದ ಟೈರಿನ ಒತ್ತಡ ನೋಡುವ ವ್ಯವಸ್ಥೆಯೂ ಕಾರಿನಲ್ಲಿ ಇರಲೇಬೇಕು. ಕೆಲವು ಕಾರುಗಳಲ್ಲಿ ಚಕ್ರದೊಳಗೇ ಸೆನ್ಸರ್ ಕೂತಿರುತ್ತದೆ. ಇನ್ನು ಕೆಲವು ಕಾರುಗಳು ಚಕ್ರ ಸುತ್ತುವ ವೇಗ ನೋಡಿ ಹೇಳುತ್ತವೆ: ಗಾಳಿ ಇಳಿದ ಚಕ್ರದ ಸುತ್ತಳತೆ ಚೂರು ಕುಗ್ಗುವುದರಿಂದ ಅದು ಮಿಕ್ಕ ಮೂರಕ್ಕಿಂತ ಬೇಗ ಸುತ್ತುತ್ತದಲ್ಲ, ಆ ಸೂಕ್ಷ್ಮವನ್ನು ಹಿಡಿಯುತ್ತವೆ. ಎಂಥ ಚಂದದ ಉಪಾಯ! ಇದನ್ನು ಯೋಚಿಸಿದ ಎಂಜಿನಿಯರ್ ಎದುರು ಸಿಕ್ಕರೆ ಒಂದು ಲೋಟ ಕಾಫಿ ಕುಡಿಸಬೇಕು ಅನ್ನಿಸುತ್ತದೆ.

ಅಂದಹಾಗೆ, ಪಂಕ್ಚರ್ ಹಾಕುವ ಕಷ್ಟದಿಂದಲೇ ದೊಡ್ಡ ಕಂಪನಿಯೊಂದು ಎದ್ದು ನಿಂತ ಕತೆ ಗೊತ್ತೇ? ಬೆಲ್‌ಫಾಸ್ಟಿನಲ್ಲಿ ದನಕರುಗಳ ಡಾಕ್ಟರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್ಲಿಗೆಂದು ಗಾಳಿ ಟೈರು ಮಾಡಿ ಪೇಟೆಂಟ್ ಪಡೆದದ್ದು 1888ರಲ್ಲಿ. ಮರುವರ್ಷ ಫ್ರಾನ್ಸಿನ ಕ್ಲೆರ್ಮಾಂ ಫೆರಾಂ ಊರಿನಲ್ಲಿ ರಬ್ಬರ್ ಕಾರ್ಖಾನೆ ನಡೆಸುತ್ತಿದ್ದ ಮಿಶೆಲಿನ್ ಸೋದರರ ಬಾಗಿಲಿಗೆ ಒಬ್ಬ ಸವಾರ ಪಂಕ್ಚರಾದ ಸೈಕಲ್ ತಂದು ನಿಲ್ಲಿಸಿದ. ಆಗಿನ ಟೈರು ಚಕ್ರಕ್ಕೆ ಅಂಟಿಸಿದ್ದು. ಬಿಡಿಸಿ ಸರಿಮಾಡಿ ಅಂಟಿಸಲು ಮೂರು ಗಂಟೆ ಹಿಡಿಯಿತು, ಅಂಟು ಒಣಗಲು ಇಡೀ ರಾತ್ರಿ ಬೇಕಾಯಿತು. ಬೆಳಿಗ್ಗೆ ಎದುವಾರ್ ಮಿಶೆಲಿನ್ ಹತ್ತಿ ನೋಡಿದರೆ ಸ್ವಲ್ಪ ದೂರಕ್ಕೇ ಮತ್ತೆ ಗಾಳಿ ಹೋಯಿತು. ಅವರು ಬಿಡಲಿಲ್ಲ, ಬಿಡಿಸಿ ಹಾಕಬಹುದಾದ ಟೈರನ್ನೇ ಮಾಡಿದರು. 1891ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಓಟದಲ್ಲಿ ಆ ಟೈರು ಹಾಕಿಕೊಂಡ ಚಾರ್ಲ್ಸ್ ತೆರೋಂ ಗೆದ್ದ. ಮರುವರ್ಷ ಸೋದರರು ತಾವೇ ಒಂದು ಸೈಕಲ್ ಓಟ ಏರ್ಪಡಿಸಿ ದಾರಿಗೆ ಮೊಳೆ ಚೆಲ್ಲಿಸಿದರಂತೆ! ಎಷ್ಟು ಬೇಗ ಪಂಕ್ಚರ್ ಹಾಕಬಹುದು ಎಂದು ಲೋಕಕ್ಕೆ ತೋರಿಸಬೇಕಿತ್ತು ಅವರಿಗೆ.

ಮೊಳೆ ಅಂದಾಗ ಬೆಂಗಳೂರಿನ ಹೊರ ವರ್ತುಲ ರಸ್ತೆ ನೆನಪಾಯಿತು. ಕೆಲವು ವರ್ಷಗಳ ಹಿಂದೆ ಅಲ್ಲಿ ಸಾಫ್ಟ್‌ವೇರ್ ಎಂಜಿನಿಯರೊಬ್ಬರು ಕೆಲಸಕ್ಕೆ ಹೋಗುವ ದಾರಿಯಲ್ಲಿ ಕೋಲಿಗೆ ಅಯಸ್ಕಾಂತ ಕಟ್ಟಿಕೊಂಡು ಮೊಳೆ ಆರಿಸುತ್ತಿದ್ದರು. ಪತ್ರಿಕೆಗಳಲ್ಲಿ ಅವರ ಫೋಟೋ ಬಂದಿತ್ತು. ಆರಿಸಿದ ಮೊಳೆ ಕಿಲೋಗಟ್ಟಲೆ ತೂಗುತ್ತಿತ್ತು. ಯಾರೋ ದುಡ್ಡಿನಾಸೆಗೆ ಚೆಲ್ಲಿದ್ದನ್ನು ಇನ್ಯಾರೋ ಸಂಬಳವಿಲ್ಲದೆ ಬಾಗಿ ಆರಿಸುವುದು ಸಣ್ಣ ಕೆಲಸವಲ್ಲ. ಅವರಿಗೆ ನನ್ನ ನಮಸ್ಕಾರ.

ಭಾವನ ಟೈರಿಗೆ ಚುಚ್ಚಿದ್ದು ಮೊಳೆಯಲ್ಲ, ಸಣ್ಣ ಸ್ಕ್ರೂ. ನಡು ಪಟ್ಟಿಯಲ್ಲೇ ಕೂತಿತ್ತು. “ಇದಕ್ಕೇನು, ಒಂದು ಬತ್ತಿ ಹಾಕಿಕೊಡಿ ಕಾಕಾ, ಹೊರಡ್ತೀವಿ” ಅಂದರು ಭಾವ. ಬತ್ತಿ ಅಂದರೆ ಟ್ಯೂಬ್‌ಲೆಸ್ ಟೈರಿನ ತೂತಿಗೆ ಹೊರಗಿನಿಂದಲೇ ಸೂಜಿಯಲ್ಲಿ ತುರುಕುವ ಅಂಟುದಾರ. ನೂರು, ನೂರೈವತ್ತು ರೂಪಾಯಿಯ ಕೆಲಸ.

ಅಂಗಡಿಯ ಕಾಕಾ ಬತ್ತಿಗೆ ಕೈ ಹಾಕಲಿಲ್ಲ. “ಸಾರ್, ದೀಪ ಹತ್ತಿದ ಮೇಲೆ ಎಷ್ಟು ದೂರ ಓಡ್ಸಿದ್ರಿ?”

“ಸ್ವಲ್ಪ.”

“ಸ್ವಲ್ಪ ಎಲ್ಲಿ ಬಂತು?” ಅಕ್ಕ ಕಾರಿನೊಳಗಿಂದಲೇ ಕೂಗಿದಳು. “ಗುಂಡ್ಯದಿಂದ ಇಲ್ಲೀವರೆಗೂ ಅದೇ ಟೈರು!”

ನೋಡಿ, ಇಡೀ ವ್ಯಾಜ್ಯ ನಿಂತಿರುವುದು ಆ ಒಂದು ಪ್ರಶ್ನೆಯ ಮೇಲೆ. ಜನ ತೂತು ನೋಡುತ್ತಾರೆ. ನೋಡಬೇಕಾದದ್ದು ತೂತಾದ ಮೇಲಿನ ದಾರಿಯನ್ನು. ಗಾಳಿಯಿಲ್ಲದೆ ಓಡಿದಷ್ಟೂ ಹೊತ್ತು ಪಕ್ಕದ ಗೋಡೆ ಬಾಗಿ ನೆಟ್ಟಗಾಗಿ, ಬಾಗಿ ನೆಟ್ಟಗಾಗಿ ಕಾಯುತ್ತದೆ. ಆ ಶಾಖಕ್ಕೆ ಒಳಗಿನ ರಬ್ಬರು ಪುಡಿಯಾಗುತ್ತದೆ, ಒಳಪದರ ಸುಕ್ಕುಗಟ್ಟುತ್ತದೆ, ದಾರದ ಪದರಗಳ ಹಿಡಿತ ಸಡಿಲುತ್ತದೆ. ಹೊರಗೆ ಮಾತ್ರ ಒಂದು ಗೀರೂ ಕಾಣಿಸದಿರಬಹುದು. ವಾಟೆಗೆ ಹುಳ ಬಿದ್ದ ಮಾವಿನ ಹಣ್ಣಿನ ಹಾಗೆ, ಕೊಯ್ಯುವ ತನಕ ತಿಳಿಯುವುದಿಲ್ಲ.

ಕಾಕಾ ಟೈರನ್ನು ಮಷಿನಿಗೆ ಏರಿಸಿದರು. ಆ ಗಟ್ಟಿ ಗೋಡೆಯನ್ನು ಒತ್ತಿಹಿಡಿಯಲು ಮಷಿನಿಗೆ ಇನ್ನೊಂದು ತೋಳೇ ಇತ್ತು. ಬಿಡಿಸಿ, ಒಳಗೆ ಕೈಯಾಡಿಸಿ, ಅಂಗೈ ನಮ್ಮ ಮುಂದೆ ಹಿಡಿದರು. ಕಪ್ಪು ಪುಡಿ. “ಇದು ರಬ್ಬರು ಸಾರ್, ಮಣ್ಣಲ್ಲ. ಬತ್ತಿ ಹಾಕಿದ್ರೆ ಗಾಳಿ ನಿಲ್ಲುತ್ತೆ. ಟೈರು ನಿಲ್ಲಲ್ಲ.”

ನೂರೈವತ್ತು ರೂಪಾಯಿ ತೆಗೆದುಕೊಂಡು ಕಳಿಸಿಬಿಡಬಹುದಾಗಿದ್ದ ಮನುಷ್ಯ ಹೀಗೆ ಹೇಳಿದ್ದು ನನಗೆ ಬಹಳ ಹಿಡಿಸಿತು. ಹೊಸ ಟೈರು ಅವರ ಅಂಗಡಿಯಲ್ಲಿ ಮಾರಾಟಕ್ಕೇ ಇರಲಿಲ್ಲ.

ನಾನು ರಿಪೇರಿಯ ಪಕ್ಷದವನು. ಕೆಟ್ಟದ್ದನ್ನು ಸರಿಮಾಡಿ ಬಳಸುವ ಊರಿನಲ್ಲಿ ಬೆಳೆದವನು. ಲಾರಿಯವರನ್ನೇ ನೋಡಿ: ಸವೆದ ಟೈರಿಗೆ ಹೊಸ ಪಟ್ಟಿ ಬೆಸೆದು ರೀಟ್ರೆಡ್ ಮಾಡಿಸಿ ಮತ್ತೆ ಸಾವಿರಾರು ಕಿಲೋಮೀಟರ್ ಓಡಿಸುತ್ತಾರೆ. ಆದರೆ ರೀಟ್ರೆಡ್ ಮಾಡುವವರು ಮೊದಲು ತಡವಿ ನೋಡುವುದು ಏನನ್ನು? ಕೇಸಿಂಗನ್ನು, ಅಂದರೆ ಟೈರಿನ ಒಡಲನ್ನು. ಒಡಲು ಗಟ್ಟಿಯಿದ್ದರೆ ಪಟ್ಟಿ ಹೊಸದು ಹಾಕಬಹುದು. ಗಾಳಿ ಕಮ್ಮಿಯಿದ್ದಾಗ ಓಡಿಸಿ ಒಡಲು ಸುಟ್ಟುಕೊಂಡ ಟೈರನ್ನು ಅವರು ಪಕ್ಕಕ್ಕಿಡುತ್ತಾರೆ. ರನ್‌ಫ್ಲಾಟಿಗೂ ಇದೇ ನ್ಯಾಯ ಸಲ್ಲಬೇಕು.

ಕಂಪನಿಗಳ ಮಾತು ಒಂದೇ ಇಲ್ಲ. ಕೆಲವರು ಸುತರಾಂ ಬೇಡ, ಬದಲಿಸಿ ಅನ್ನುತ್ತಾರೆ. ಕೆಲವರು ಪರೀಕ್ಷೆ ಮಾಡಿ ಹಾಕಿಸಬಹುದು ಅನ್ನುತ್ತಾರೆ. ಹಾಕಿಸಬಹುದು ಅನ್ನುವ ಕಡೆಯೂ ತೂತು ನಡು ಪಟ್ಟಿಯಲ್ಲಿರಬೇಕು, 6 ಮಿಲಿಮೀಟರ್ ಮೀರಿರಬಾರದು, ಭುಜಕ್ಕೋ ಪಕ್ಕದ ಗೋಡೆಗೋ ತಾಗಿರಬಾರದು. ಟೈರನ್ನು ಬಿಡಿಸಿ, ಒಳಗಿನಿಂದ ಮಶ್ರೂಮ್ ಪ್ಯಾಚ್ ಹಾಕಬೇಕು. ಅದರ ಕಾಲು ತೂತನ್ನು ತುಂಬುತ್ತದೆ, ಕೊಡೆ ಒಳಪದರಕ್ಕೆ ಅಂಟಿ ಗಾಳಿಯನ್ನು ತಡೆಯುತ್ತದೆ. ಬರೀ ಬತ್ತಿ ನಂಬಿ ಹೆದ್ದಾರಿಯಲ್ಲಿ ನೂರರ ಮೇಲೆ ಓಡಿಸುವುದು ಜೀವದ ಮೇಲಿನ ಜೂಜು.

ಕಾಕಾ ಟೈರು ತರಿಸಲು ಫೋನು ಹಚ್ಚಿದರು. ನಮಗೆ ಮತ್ತೊಂದು ಸುತ್ತು ಚಹಾ ಬಂತು. ಆಗ ಸ್ಟೆಪ್ನಿಯ ಮಾತೆದ್ದಿತು, ಏಕೆಂದರೆ ಭಾವನ ಕಾರಿನಲ್ಲಿ ಅದಿಲ್ಲ. ಮೊದಮೊದಲ ಕಾರುಗಳೂ ಹೆಚ್ಚುವರಿ ಚಕ್ರವಿಲ್ಲದೇ ಬರುತ್ತಿದ್ದವು. ವೇಲ್ಸಿನ ಲನೆಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಅಂಗಡಿ ಇಟ್ಟಿದ್ದ ಡೇವಿಸ್ ಸೋದರರು 1904ರಲ್ಲಿ, ಗಾಳಿ ತುಂಬಿದ ಟೈರಿರುವ ಅರೆಗಳಿಲ್ಲದ ಬಳೆಯೊಂದನ್ನು ಮಾಡಿ, ಪಂಕ್ಚರಾದ ಚಕ್ರಕ್ಕೆ ಅದನ್ನು ಬಿಗಿದು ಮುಂದೆ ಹೋಗುವ ಹಾಗೆ ಮಾಡಿದರು. ಈಗ ನೋಡಿದರೆ, 2020ರಲ್ಲಿ ನಮ್ಮ ಕೇಂದ್ರ ಸರ್ಕಾರವೇ ನಿಯಮ ತಿದ್ದಿ, ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್ಟು, ಒತ್ತಡ ನೋಡುವ ವ್ಯವಸ್ಥೆ ಇದ್ದರೆ ಸ್ಟೆಪ್ನಿ ಇಲ್ಲದೆಯೂ ಕಾರು ಮಾರಬಹುದು ಎಂದಿದೆ. ಪೇಟೆಯಲ್ಲಿ ಓಡಾಡುವವರಿಗೆ ಸರಿ. ಘಾಟಿ ಹತ್ತಿ ಇಳಿಯುವವರಿಗೆ ನನ್ನ ಮತ ಇನ್ನೂ ಸ್ಟೆಪ್ನಿಗೇ.

ರನ್‌ಫ್ಲಾಟಿನ ವಿಷಯಕ್ಕೆ ನನ್ನ ತೀರ್ಪು ಹೀಗೆ. ಚುಚ್ಚಿದ್ದು ಬೇಗ ಕಂಡು, ಟೈರಿನಲ್ಲಿ ಗಾಳಿ ಇನ್ನೂ ಸಾಕಷ್ಟು ಉಳಿದಿದ್ದು, ಕಂಪನಿಯ ಒಪ್ಪಿಗೆಯೂ ಇದ್ದರೆ, ಬಿಡಿಸಿ ನೋಡಿಸಿ ಒಂದು ಸಲ ಒಳಗಿನಿಂದ ಹಾಕಿಸಿ; ದುಬಾರಿ ಟೈರನ್ನು ಸುಮ್ಮನೆ ಎಸೆಯಬೇಡಿ. ಗಾಳಿಯಿಲ್ಲದೆ ಓಡಿಸಿದ್ದರೆ, ಎಷ್ಟು ಓಡಿಸಿದೆವೆಂದು ತಿಳಿಯದಿದ್ದರೂ ಸರಿ, ಚೌಕಾಸಿ ಬೇಡ, ಬದಲಿಸಿ. ಅದಕ್ಕೇ ಒಂದು ವಿನಂತಿ: ಹಳದಿ ದೀಪ ಹೊತ್ತಿದ ಕೂಡಲೇ ಜಾಗ ನೋಡಿ ಗಾಡಿ ಪಕ್ಕಕ್ಕೆ ಹಾಕಿ, ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಆಗಿದೆಯೆಂದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಅಂಗಡಿಯವರು ಕೇಳಿದಾಗ “ಸ್ವಲ್ಪ” ಅನ್ನಬೇಡಿ, ಆ ಫೋಟೋ ತೋರಿಸಿ.