ಸುಳಿ ನಡೆಸುವ ಕೋಡಿ

ಮಳೆಗಾಲದಲ್ಲಿ ನಾಲ್ಕು ಜನ ಸೇರಿದ ಕಡೆ 'ನಿಮ್ಮೂರ ಕೆರೆ ಕೋಡಿ ಬಿತ್ತಾ?' ಎಂಬ ಮಾತು ಬಂದೇ ಬರುತ್ತದೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಓದುವ ಮಕ್ಕಳು ಆ ಮಾತಿಗೆ ಕಿವಿಗೊಡಬೇಕು ಎಂದು ನನ್ನ ಆಸೆ.

ಕೋಡಿಯ ಲೆಕ್ಕವನ್ನೇ ನೋಡಿ. ಅದರ ಮೇಲೆ ಒಂದಡಿ ನೀರು ಹರಿದರೂ ಮೀಟರ್ ಉದ್ದಕ್ಕೆ ಸೆಕೆಂಡಿಗೆ ಸುಮಾರು 300 ಲೀಟರ್ ದಾಟೀತು, ಅಷ್ಟೆ. ದೊಡ್ಡ ಪ್ರವಾಹಕ್ಕೆ ಬಲು ಉದ್ದದ ಕೋಡಿ ಬೇಕು, ಇಲ್ಲವೇ ಗೇಟು ಬೇಕು. ಗೇಟಿದ್ದರೆ ನಡುರಾತ್ರಿ ಎದ್ದು ಎತ್ತುವವರು ಬೇಕು. ಈ ತಾಪತ್ರಯ ನೀಗಲೆಂದೇ ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ತಾವಾಗಿ ತೆರೆದುಕೊಳ್ಳುವ ಗೇಟುಗಳನ್ನು ಇರಿಸಿದರು. ಮೈಸೂರಿನ ಎಂಜಿನಿಯರ್ ಗಣೇಶ ಅಯ್ಯರ್ ಗೇಟೇ ಬೇಡದ ದಾರಿ ಹುಡುಕಿದರು. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ, ಶಿಂಷಾ ನದಿಯ ಅಣೆಕಟ್ಟೆಯಲ್ಲಿ, ಅವರ ವಾಲ್ಯೂಟ್ ಸೈಫನ್ ಇದೆ.

ಬ್ಯಾರಲ್‌ನಿಂದ ಸೀಮೆಎಣ್ಣೆ ತೆಗೆಯುವಾಗ ಪೈಪಿಗೆ ಬಾಯಿ ಹಚ್ಚಿ ಒಮ್ಮೆ ಎಳೆಯುತ್ತಾರಲ್ಲ, ಅದೇ ಸೈಫನ್. ಅಣೆಕಟ್ಟೆಯಲ್ಲಿ ಎಳೆಯುವವರು ಯಾರು? ಸುಳಿ! ನೆಟ್ಟಗೆ ನಿಂತ ಕೊಳವೆ, ಅದರ ತಲೆಗೆ ಆಲಿಕೆ, ಮೇಲೆ ಗುಮ್ಮಟ. ನೀರು ಆಲಿಕೆಯ ಅಂಚು ದಾಟಿದೊಡನೆ ಒಳಗಿನ ಬಾಗಿದ ಏಣುಗಳು ಅದನ್ನು ತಿರುಗಿಸುತ್ತವೆ. ಗಿರಗಿರನೆ ಇಳಿಯುವ ನೀರು ಗುಮ್ಮಟದ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಒಳಗಿನ ಒತ್ತಡ ಇಳಿದು ಕೊಳವೆ ಭರ್ತಿಯಾಗುತ್ತದೆ. ಆಮೇಲೆ ನೀರನ್ನು ಓಡಿಸುವುದು ಜಲಾಶಯದ ಮಟ್ಟದಿಂದ ಕೊಳವೆಯ ಕೆಳಬಾಯಿಯವರೆಗಿನ ಇಡೀ ಎತ್ತರ. ಆ ಎತ್ತರ 5 ಮೀಟರ್ ಇದ್ದರೆ, ಘರ್ಷಣೆಯನ್ನು ಬದಿಗಿಟ್ಟು, ಬರ್ನೌಲಿ ಸೂತ್ರದಂತೆ ವೇಗ ಸೆಕೆಂಡಿಗೆ ಸುಮಾರು 10 ಮೀಟರ್.

ಸರಿ, ನಿಲ್ಲುವುದು ಹೇಗೆ? ನೀರು ಗೊತ್ತುಮಾಡಿದ ಮಟ್ಟಕ್ಕೆ ಇಳಿದಾಗ ಗುಮ್ಮಟಕ್ಕೆ ಜೋಡಿಸಿದ ಸಣ್ಣ ಕೊಳವೆಯ ಬಾಯಿ ತೆರೆದುಕೊಂಡು ಗಾಳಿ ಒಳನುಗ್ಗುತ್ತದೆ, ಸೈಫನ್ ಕಡಿದುಹೋಗುತ್ತದೆ. ಈ ಕೊಳವೆ ಇಲ್ಲದಿದ್ದರೆ ರೈತರ ಬೇಸಿಗೆಯ ನೀರೂ ಹೊಳೆಪಾಲಾದೀತು. ಪರೀಕ್ಷೆಯಲ್ಲಿ ವೇಗವನ್ನು ಕೇಳುತ್ತಾರೆ, ಈ ಪುಟ್ಟ ಕೊಳವೆಯ ಸುದ್ದಿ ಎತ್ತುವವರಿಲ್ಲ. ಎಂಜಿನಿಯರನ ಜಾಣ್ಮೆ ನನಗೆ ಕಾಣುವುದು ಅಲ್ಲೇ.

ಶರಾವತಿಯ ಹಿರೇಭಾಸ್ಕರ ಅಣೆಕಟ್ಟೆಯಲ್ಲೂ ಇಂಥ ಸೈಫನ್‌ಗಳಿವೆ. ಲಿಂಗನಮಕ್ಕಿ ಕಟ್ಟಿದ ಮೇಲೆ ಅದು ಮುಳುಗಿತು. ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ಮತ್ತೆ ಮೈದೋರುತ್ತದೆ. ಮೇಷ್ಟರು ಮಕ್ಕಳನ್ನು ಆಗ ಅಲ್ಲಿಗೆ, ಮಳೆಗಾಲದಲ್ಲಿ ಮಾರ್ಕೋನಹಳ್ಳಿಗೆ ಕರೆದೊಯ್ಯಲಿ. ಸೂತ್ರ ಬರೆಸುವ ಮೊದಲು ಎರಡೇ ಪ್ರಶ್ನೆ ಕೇಳಲಿ: ಇದು ಶುರುವಾಗುವುದು ಹೇಗೆ, ನಿಲ್ಲುವುದು ಹೇಗೆ? ಉತ್ತರ ಹುಡುಕುವಷ್ಟರಲ್ಲಿ ಅರ್ಧ ಪಠ್ಯ ತಾನಾಗಿ ಮುಗಿದಿರುತ್ತದೆ.